ಬ್ಯಾಡ್ಜ್ ಉಜ್ಜಬೇಡಿ, ಹೆಸರು ಹುಡುಕಿ

ಮೊನ್ನೆ ಭಾನುವಾರ ಇಲ್ಲಿ ನ್ಯೂಜೆರ್ಸಿಯ ಹಳೇ ಸಾಮಾನಿನ ಸಂತೆಯಲ್ಲಿ 1933ರ ಷಿಕಾಗೋ ವಿಶ್ವ ಮೇಳದ ಬ್ಯಾಡ್ಜ್ ಒಂದು ಸಿಕ್ಕಿತು. ಅಲ್ಲಿ ಕೆಲಸ ಮಾಡುವವರಿಗೆ ಕೊಟ್ಟಿದ್ದು. ಮೇಲೆ ಒಂದು ಸಂಖ್ಯೆ ಇದೆ, ಹೆಸರಿಲ್ಲ. ಅದೇ ಮೇಜಿನ ಮೇಲೆ ರೇಷ್ಮೆ ರಿಬ್ಬನ್ನಿನ, ಚಿನ್ನದ ನೀರು ಕುಡಿಸಿದ ಅಧಿಕಾರಿಯ ಬ್ಯಾಡ್ಜೂ ಇತ್ತು. ಬೆಲೆ ಹತ್ತು ಪಟ್ಟು. ಜೊತೆಗಿದ್ದ ಗೆಳೆಯ "ಸ್ವಲ್ಪ ದುಡ್ಡು ಕೂಡಿಸಿ ಅದನ್ನೇ ತಗೋಬೇಕಿತ್ತು ಕಣೋ" ಅಂದ. ನಾನು ಒಪ್ಪಲಿಲ್ಲ. ಕಾರಲ್ಲಿ ಮನೆವರೆಗೂ ಇದೇ ಮಾತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಶ್ವ ಮೇಳ ಅಂದರೆ ಮೈಸೂರಿನವರಿಗೆ ದಸರಾ ಎಕ್ಸಿಬಿಷನ್ ನೆನಪಾಗುತ್ತದೆ. ಅದನ್ನೇ ಒಂದು ಊರಿನಷ್ಟು ದೊಡ್ಡದು ಮಾಡಿ ನೋಡಿ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮೇಳಕ್ಕೆ 60 ಲಕ್ಷ ಭೇಟಿಗಳು. 1893ರ ಷಿಕಾಗೋ ಮೇಳಕ್ಕೆ ಆರು ತಿಂಗಳಲ್ಲಿ 2 ಕೋಟಿ 70 ಲಕ್ಷ ಭೇಟಿಗಳು. ಅಕ್ಟೋಬರ್ 9ರ ಒಂದೇ ದಿನ 7 ಲಕ್ಷಕ್ಕೂ ಜಾಸ್ತಿ ಜನ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಮಗೆಲ್ಲ ಗೊತ್ತು. ಅದು ಇದೇ ಮೇಳದ ಅಂಗವಾಗಿ ನಡೆದದ್ದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಷ್ಟು ಜನ ಸೇರುವ ಕಡೆ ಯಾರು ಒಳಗೆ, ಯಾರು ಹೊರಗೆ ಅಂತ ಗುರುತು ಬೇಕಲ್ವಾ? 1876ರ ಫಿಲಡೆಲ್ಫಿಯಾ ಮೇಳದಲ್ಲೇ ಫೋಟೋ ಅಂಟಿಸಿದ ಪಾಸ್ ಬಂದಿತ್ತು. ಇವತ್ತು ನಾವು ಆಫೀಸಿಗೆ ಕೊರಳಲ್ಲಿ ಹಾಕಿಕೊಂಡು ಹೋಗುವ ಐಡಿ ಕಾರ್ಡಿನ ಮುತ್ತಜ್ಜಿ ಅದು. ಅಧಿಕೃತ ಬ್ಯಾಡ್ಜ್ ಮಾಡುತ್ತಿದ್ದ ಕೆಲಸವೂ ಅದೇ. ಕಾವಲಿನವರು, ತೀರ್ಪುಗಾರರು, ಪತ್ರಕರ್ತರು, ಗೇಟಿನ ಕೆಲಸದವರು, ಎಲ್ಲರಿಗೂ ಬೇರೆ ಬೇರೆ. ಬಂದವರು ನೆನಪಿಗೆ ಅಂತ ಒಯ್ದ ಪಿನ್ನುಗಳು ಬೇರೆ. ಉಪ್ಪಿನಕಾಯಿ, ಸಾಸ್ ಮಾಡುವ ಹೈಂಜ್ ಕಂಪನಿ 1893ರಲ್ಲಿ ಪುಟ್ಟ ಸೌತೆಕಾಯಿ ಆಕಾರದ ಪದಕ ಹಂಚಿತು. 1939ರ ನ್ಯೂಯಾರ್ಕ್ ಮೇಳದಲ್ಲಿ ಜನರಲ್ ಮೋಟಾರ್ಸ್ 'ನಾನು ಭವಿಷ್ಯವನ್ನು ನೋಡಿದ್ದೇನೆ' ಅಂತ ಬರೆದ ಪಿನ್ ಕೊಟ್ಟಿತು. ಅವೂ ಚೆಂದವೇ, ನನ್ನ ಹತ್ತಿರ ಎರಡೂ ಇವೆ. ಆದರೆ ಅವು ಲೆಕ್ಕವಿಲ್ಲದಷ್ಟು ಹಂಚಿದವು. ಸಂಖ್ಯೆ ಇರುವ ಬ್ಯಾಡ್ಜ್ ಒಬ್ಬರಿಗೆ ಒಂದೇ.

ಆ ಮೇಳಗಳಲ್ಲಿ ಉಳಿದಿರುವುದೂ ಕಡಿಮೆ. 1893ರ ಬಿಳಿ ಕಟ್ಟಡಗಳೆಲ್ಲ ಹೆಚ್ಚಾಗಿ ಗಾರೆ ಮತ್ತು ಸೆಣಬು ಬೆರೆಸಿ ಮಾಡಿದವು. ನೋಡಲು ಅಮೃತಶಿಲೆ, ಒಳಗೆ ಬರೀ ಚೌಕಟ್ಟು. ಮರುವರ್ಷದ ಬೆಂಕಿಯಲ್ಲಿ ಬಹುತೇಕ ಸುಟ್ಟುಹೋದವು. ಮೇಳ ನಡೆಯುತ್ತಿದ್ದಾಗಲೇ ಜುಲೈ 10ರಂದು ಶೀತಲಗೃಹಕ್ಕೆ ಬೆಂಕಿ ಬಿತ್ತು. ನಂದಿಸಲು ಮೇಲೆ ಹತ್ತಿದವರಲ್ಲಿ ಎಷ್ಟೋ ಜನ ಕೆಳಗೆ ಇಳಿಯಲೇ ಇಲ್ಲ. ಜನರೆಲ್ಲ ನೋಡುತ್ತ ನಿಂತಿದ್ದರು. ಇದನ್ನು ಓದಿದ ಮೇಲೆ ಕೆಲಸಗಾರನ ಬ್ಯಾಡ್ಜನ್ನು ಅಗ್ಗದ್ದು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯವನ್ನು ನಾವು ಸಂಗ್ರಾಹಕರು ಸುಮ್ನೆ ದಾಟಿಬಿಡುತ್ತೇವೆ. 1893ರ ಅದೇ ಮೇಳಕ್ಕೆ ಕೊಲಂಬಿಯನ್ ಗಾರ್ಡ್ ಅಂತ ಕಾವಲು ಪಡೆ ಇತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, ಗೆಟ್ಟಿಸ್‌ಬರ್ಗ್‌ನಲ್ಲಿ ಹೋರಾಡಿದ್ದ ಎಡ್ಮಂಡ್ ರೈಸ್ ಅದರ ಮುಖ್ಯಸ್ಥ. ಆ ಪಡೆಯ ವಸ್ತು ಏನು ಸಿಕ್ಕರೂ ಹರಾಜಿನಲ್ಲಿ ಪೈಪೋಟಿ. ಆದರೆ ಆ ಪಡೆಗೆ ಕಪ್ಪು ಜನರನ್ನು ಸೇರಿಸಿಕೊಳ್ಳಲಿಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಪತ್ರಕರ್ತೆ ಐಡಾ ಬಿ. ವೆಲ್ಸ್ ಅದೇ ವರ್ಷ ಹೊರತಂದ ಕಿರುಪುಸ್ತಕದಲ್ಲಿ ಇದು ದಾಖಲಾಗಿದೆ. ಅರ್ಜಿ ಹಾಕಿದ ಒಬ್ಬರನ್ನು ಎದೆಯ ಸುತ್ತಳತೆ ಸಾಲದು ಅಂತ ನೆಪ ಹೇಳಿ ಕಳಿಸಿದ್ದೂ ಅದರಲ್ಲಿದೆ. ಆ ಪುಸ್ತಕ ಹಂಚಿದ್ದು ಹೈಟಿ ದೇಶದ ಮಂಟಪದಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಾಸ್ ಅಲ್ಲಿ ಕುಳಿತಿದ್ದರು, ಹೈಟಿಯ ಪ್ರತಿನಿಧಿಯಾಗಿ! ಅಮೆರಿಕದಲ್ಲೇ ಹುಟ್ಟಿದ ಅಷ್ಟು ದೊಡ್ಡ ಮನುಷ್ಯ, ತನ್ನ ದೇಶದ ಮೇಳದೊಳಗೆ ಇನ್ನೊಂದು ದೇಶದ ಪರವಾಗಿ ನಿಲ್ಲಬೇಕಾಯಿತು. ಗಾರ್ಡ್ ಬ್ಯಾಡ್ಜಿನ ಫೋಟೋ ಹಾಕಿ ಲೋಹ, ಅಳತೆ, ಬೆಲೆ ಎಲ್ಲ ಬರೆಯುತ್ತೇವೆ. ಅದು ಯಾರಿಗೆ ಸಿಗಲಿಲ್ಲ ಅನ್ನುವುದನ್ನೂ ಒಂದು ಸಾಲು ಬರೆಯೋಣ.

ಹೊಸದಾಗಿ ಕೂಡಿಡಲು ಶುರುಮಾಡುವವರಿಗೆ ಮುಂದಿನದು. 1901ರಲ್ಲಿ ಬಫಲೋ ನಗರದಲ್ಲಿ ನಡೆದ ಮೇಳದ ಒಂದು ಬ್ಯಾಡ್ಜ್ ನನ್ನ ಕೈಗೆ ಬಂದಾಗ ಕಪ್ಪಾಗಿತ್ತು. ಹಬ್ಬದ ಹಿಂದಿನ ದಿನ ಅಮ್ಮ ಹಿತ್ತಾಳೆ ದೀಪ ತಿಕ್ಕುತ್ತಿದ್ದದ್ದು ಕಣ್ಣ ಮುಂದೆ ಇತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಚಿನ್ನದ ನೀರು ಹೋಯಿತು. ಹಿಂದೆ ಯಾರೋ ಸಣ್ಣಗೆ ಗೀಚಿದ್ದ ಎರಡು ಅಕ್ಷರಗಳೂ ಮಾಸಿಹೋದವು. ಬಹುಶಃ ಹಾಕಿಕೊಂಡವರ ಇನಿಷಿಯಲ್ಸ್. ಹೊಳಪು ಹೋದದ್ದಕ್ಕಿಂತ ಆ ಎರಡು ಅಕ್ಷರ ಹೋದದ್ದು ಇವತ್ತಿಗೂ ಸಂಕಟ. ದಯವಿಟ್ಟು ಏನನ್ನೂ ಉಜ್ಜಬೇಡಿ. ರಿಬ್ಬನ್ನನ್ನು ಮಡಚಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಆಗಿನ ರೇಷ್ಮೆಗೆ ತೂಕ ಬರಲಿ ಅಂತ ತವರದ ಲವಣ ಸೇರಿಸುತ್ತಿದ್ದರು. ಅದಕ್ಕೇ ಅದು ತಾನಾಗಿಯೇ ಸೀಳುತ್ತದೆ.

ನಕಲಿ ಜಾಸ್ತಿ. ಹಿಂಬದಿ ನೋಡಿ ತಗೊಳ್ಳಿ. 1893ರ ಕಾಲದ ಪಿನ್ನಿಗೆ ಹಿಂದೆ ಸೂಜಿ ಸಿಕ್ಕಿಸುವ ಬರೀ ಕೊಕ್ಕೆ ಇರುತ್ತದೆ. ಈಗಿನ ಕೋಟಿನ ಪಿನ್ನಿನ ಹಾಗೆ ಹಿಂದಿನಿಂದ ಒತ್ತಿ ಕೂರಿಸುವ ಚಿಟ್ಟೆ ಬಿಲ್ಲೆ ಇದ್ದರೆ ಅದು 1893ರದ್ದಲ್ಲ. ಸೆಲ್ಯುಲಾಯ್ಡ್ (ಹಳೇ ಬಗೆಯ ಪ್ಲಾಸ್ಟಿಕ್) ಹೊದಿಸಿದ ಗುಂಡು ಬ್ಯಾಡ್ಜ್ ಆದರೆ ಹಿಂಬದಿಯ ಒಳಗೆ ತಯಾರಕರ ಕಾಗದ ಇದೆಯಾ ನೋಡಿ. ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಅಂತ ಕಾಗದ ಇದ್ದರೆ ನನಗೆ ಇನ್ನೂ ಖುಷಿ. ಅದು ಇಲ್ಲೇ ನೂವಾರ್ಕ್‌ನಲ್ಲಿತ್ತು. ಆ ಕಾಗದವನ್ನು ಕೀಳಬೇಡಿ.

1933ರ ಮೇಳದ ದಾಖಲೆಗಳು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನನ್ನ ಬ್ಯಾಡ್ಜಿನ ಸಂಖ್ಯೆ ಬರೆದು, ಫೋಟೋ ಸೇರಿಸಿ ನಿನ್ನೆ ರಾತ್ರಿ ಅವರಿಗೆ ಮೇಲ್ ಹಾಕಿದ್ದೇನೆ. ಹೆಸರು ಸಿಕ್ಕರೆ ಇಲ್ಲೇ ಬರೆಯುತ್ತೇನೆ.

ಅಷ್ಟರಲ್ಲಿ ನಿಮ್ಮನ್ನು ಒಂದು ಕೇಳಬೇಕು. ನಿಮ್ಮ ಅಜ್ಜನೋ ಅಜ್ಜಿಯೋ ಹಳೇ ದಸರಾ ವಸ್ತುಪ್ರದರ್ಶನದಲ್ಲಿ ಗೆದ್ದ ಪದಕ ಅಥವಾ ಅಲ್ಲಿ ಕೆಲಸ ಮಾಡಿದಾಗಿನ ಬಿಲ್ಲೆ ಬೀರುವಿನ ಮೂಲೆಯಲ್ಲಿ ಇದ್ದರೆ, ಡಬ್ಬಿ ಮತ್ತು ಚೀಟಿ ಸಮೇತ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ. ಅದು ಯಾರದ್ದು, ಯಾವ ವರ್ಷದ್ದು ಅಂತ ಮನೆಯ ಹಿರಿಯರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.