ಆ ಏಣಿಯ ಕಥೆ ಪೂರ್ತಿ ಕೇಳಬೇಕಿತ್ತು

ಕಳೆದ ಗುರುವಾರ ರಾತ್ರಿ ಒಬ್ಬ ಹಿರಿಯ ಹೆಂಗಸಿನ ಮಾತನ್ನು ನಾನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಆವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಅಕ್ಕನ ಮಗ ಲಂಡನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ನಾನು ಈ ಊರಿಗೆ ಬಂದು 9 ವರ್ಷವಾಯಿತು. ಆದರೂ ಒಂದು ದಿನ ಇಲ್ಲಿನ ಕಾಮಿಡಿ ಕ್ಲಬ್ಬಿಗೆ ಹೋದವನಲ್ಲ. ಕೆಲಸ ಮುಗಿದ ಮೇಲೆ ಮನೆ, ಅನ್ನ ಸಾರು, ನಿದ್ದೆ. "ಮಾಮ, ಗುರುವಾರ ಬನ್ನಿ, ಗಾಂಗ್ ಶೋ ತೋರಿಸ್ತೀನಿ" ಅಂದ. ಹುಡುಗ ಕರೆದಾಗ ಇಲ್ಲ ಅನ್ನಬಾರದು ಅಂತ ಹೊರಟೆ.

ಪೂರ್ವ ಲಂಡನ್ನಿನ ಒಂದು ಪಬ್ಬಿನ ಮೇಲಿನ ಮಹಡಿ. ಹೆಸರು ಬೇಡ. ಕೆಳಗೆ ಟೀವಿಯಲ್ಲಿ ಫುಟ್‌ಬಾಲ್, ಮೇಲೆ ಹೋದರೆ ಅರವತ್ತು ಕುರ್ಚಿ ಒತ್ತೊತ್ತಾಗಿ ಹಾಕಿದ ಸಣ್ಣ ಕೋಣೆ. ವೇದಿಕೆ ಅಂದರೆ ಒಂದು ಗೇಣು ಎತ್ತರದ ಹಲಗೆ. ಒಂದು ಮೈಕು, ಹಿಂದೆ ಕಪ್ಪು ಬಟ್ಟೆ. ಪಕ್ಕದ ಸ್ಟ್ಯಾಂಡಿನಲ್ಲಿ ಹಿತ್ತಾಳೆಯ ಗಾಂಗ್ ನೇತಾಡುತ್ತಿತ್ತು. ಅಂದರೆ ನಮ್ಮ ಜಾಗಟೆಯೇ. ಹರಿಹರದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ಮಂಗಳಾರತಿಗೆ ಹೊಡೆಯುವ ಜಾಗಟೆಗಿಂತ ಎರಡು ಪಟ್ಟು ದೊಡ್ಡದು. ಅಲ್ಲಿ ಅದರ ಸದ್ದು ಕೇಳಿದರೆ ಕೂತವರು ಎದ್ದು ಕೈ ಮುಗಿಯುತ್ತೇವೆ. ಇಲ್ಲಿ ಅದರ ಕೆಲಸ ಬೇರೆ.

ಆಟದ ನಿಯಮ ಹೀಗೆ. ಯಾರು ಬೇಕಾದರೂ ಮೊದಲೇ ಹೆಸರು ಕೊಟ್ಟು ವೇದಿಕೆ ಹತ್ತಬಹುದು. 5 ನಿಮಿಷ ನಗಿಸಬೇಕು. ಜನರಲ್ಲಿ ಮೂವರ ಕೈಗೆ ಒಂದೊಂದು ಕೆಂಪು ಕಾರ್ಡ್ ಕೊಟ್ಟಿರುತ್ತಾರೆ. ಬೇಜಾರಾದರೆ ಕಾರ್ಡ್ ಎತ್ತಬೇಕು. ಮೂರೂ ಮೇಲೆ ಹೋದವೋ, ಜಾಗಟೆ ಬೀಳುತ್ತದೆ. ಮಾತು ಎಲ್ಲಿರುತ್ತದೋ ಅಲ್ಲಿಗೇ ನಿಲ್ಲಿಸಿ ಇಳಿಯಬೇಕು. 5 ನಿಮಿಷ ಉಳಿದುಕೊಂಡವರು ಕೊನೆಗೆ ಮತ್ತೆ ಬರುತ್ತಾರೆ, ಚಪ್ಪಾಳೆ ಜಾಸ್ತಿ ಬಂದವರು ಗೆದ್ದ ಹಾಗೆ.

ಕಾರ್ಯಕ್ರಮ ನಡೆಸಿಕೊಡುವವನು, ಎಂಸಿ ಅಂತಾರೆ, ಸೀದಾ ನಮ್ಮ ಸಾಲಿಗೆ ಬಂದು ಒಂದು ಕಾರ್ಡನ್ನು ನನ್ನ ಕೈಗೆ ಇಟ್ಟ. "ನೀವು ನ್ಯಾಯವಂತರ ಥರ ಕಾಣ್ತೀರಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಗೈ ಅಗಲದ ರಟ್ಟು, ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಎಷ್ಟು ಜನ ಅದನ್ನು ಎತ್ತಿದ್ದರೋ.

ಈ ಜಾಗಟೆಗೆ ಇಲ್ಲಿ ದೊಡ್ಡ ಚರಿತ್ರೆಯೇ ಇದೆ. ಹೋಗುವಾಗ ಬಸ್ಸಿನಲ್ಲಿ ಹುಡುಗ ಎಲ್ಲ ಹೇಳಿದ. ಲಂಡನ್ನಿನ ಮೊದಲ ಹೆಸರಾಂತ ಕ್ಲಬ್ಬು ಕಾಮಿಡಿ ಸ್ಟೋರ್ ಶುರುವಾಗಿದ್ದು 1979ರ ಮೇ 19ರಂದು. ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿ ಆಗಿನ್ನೂ 15 ದಿನ. ಪೀಟರ್ ರೋಸೆನ್‌ಗಾರ್ಡ್ ಅಂತ ಇನ್ಶೂರೆನ್ಸ್ ಮಾರುವವರು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಂಥದೊಂದು ಕ್ಲಬ್ಬು ನೋಡಿ ಬಂದಿದ್ದರು. ಡಾನ್ ವಾರ್ಡ್ ಅನ್ನುವವರ ಜೊತೆ ಸೇರಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ, ಅದೂ ಒಂದು ಸ್ಟ್ರಿಪ್ ಕ್ಲಬ್ಬಿದ್ದ ಕಟ್ಟಡದಲ್ಲಿ, ಶುರು ಮಾಡಿದರು. ಲಿವರ್‌ಪೂಲಿನ ಕಮ್ಯುನಿಸ್ಟ್ ಮನೆಯ ಮಗ ಅಲೆಕ್ಸಿ ಸೇಲ್ ಎಂಸಿ. ಜಾಗಟೆ ಆಗಲೇ ಇತ್ತು.

ಆ ಕ್ಲಬ್ಬಿನ ಬಗ್ಗೆ ನನಗೆ ತುಂಬಾ ಗೌರವ ಇದೆ. ಯಾಕೆ ಅಂದರೆ ಅದಕ್ಕೂ ಮೊದಲು ಇಲ್ಲಿನ ಕಾಮಿಡಿ ಅಂದರೆ ಬಹುಪಾಲು ಅತ್ತೆಯ ಮೇಲೆ ಜೋಕು, ಐರಿಷ್ ಜನ ದಡ್ಡರು ಅಂತ ಜೋಕು, ನಮ್ಮಂಥವರ ಬಣ್ಣದ ಮೇಲೆ, ಮಾತಿನ ಮೇಲೆ ಜೋಕು. ಟೀವಿಯಲ್ಲೂ ಅದೇ ಬರುತ್ತಿತ್ತು. ಇನ್ನು ಮೇಲೆ ಅದು ಬೇಡ, ಬಡವರನ್ನೂ ಹೊರಗಿನಿಂದ ಬಂದವರನ್ನೂ ಆಡಿಕೊಂಡು ನಗಿಸೋದು ನಗುವೇ ಅಲ್ಲ ಅಂತ ಹೊಸ ಹುಡುಗರು ಗಟ್ಟಿಯಾಗಿ ಹೇಳಿದ್ದು ಆ ಕಾಲದಲ್ಲಿ, ಅಂಥ ಕೋಣೆಗಳಲ್ಲಿ. ಇವತ್ತು ನಾನು ಇಂಥ ಜಾಗದಲ್ಲಿ ಮುಂದಿನ ಸಾಲಿನಲ್ಲಿ ಧೈರ್ಯವಾಗಿ ಕೂರುತ್ತೇನೆ ಅಂದರೆ ಅದರಲ್ಲಿ ಅವರ ಪಾಲೂ ಇದೆ.

ಮೊದಲು ಬಂದ ಹುಡುಗ ಪಾಪ, ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಒಂದು ನಿಮಿಷಕ್ಕೆ ಜಾಗಟೆ. ಎರಡನೆಯವಳು ಚುರುಕು ಹುಡುಗಿ, ಡೇಟಿಂಗ್ ಆ್ಯಪ್ ಬಗ್ಗೆ ಪಟಪಟ ಅಂತ ಚುಟುಕು ಜೋಕು ಸಿಡಿಸಿ 5 ನಿಮಿಷ ದಾಟಿದಳು. ನಾಲ್ಕನೆಯವನು ಬಂದವನೇ ಇಂಡಿಯನ್ ಕಾಲ್ ಸೆಂಟರ್ ದನಿ ತೆಗೆದ. ತಲೆ ಅಲ್ಲಾಡಿಸಿದ. ಕೋಣೆ ತಣ್ಣಗಾಯಿತು. ನನ್ನ ಕಾರ್ಡ್ ಮೊದಲು ಮೇಲೆ ಹೋಯಿತು, ಹಿಂದೆಯೇ ಇನ್ನೆರಡು. ಢಣ್! ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಒಬ್ಬ ಬಿಳಿಯ ಅಜ್ಜ ಹಿಂದಿನಿಂದ ನನ್ನ ಭುಜ ತಟ್ಟಿದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಆ ಕಾರ್ಡಿನ ಮೇಲೆ ನನಗೆ ಪ್ರೀತಿ ಬಂತು. 9 ವರ್ಷದಲ್ಲಿ ಆಫೀಸಿನಲ್ಲಿ, ಅಂಗಡಿಯಲ್ಲಿ ಎಷ್ಟೋ ಸಲ ಆ ದನಿ ಕೇಳಿ ಸುಮ್ನೆ ಇದ್ದವನು ನಾನು. ಆವತ್ತು ಸುಮ್ನೆ ಇರಲಿಲ್ಲ.

ಆದರೆ ಒಮ್ಮೆ ಎತ್ತಿದ ಕೈಗೆ ಎತ್ತೋದು ಸಲೀಸಾಗಿಬಿಡುತ್ತದೆ. ಮುಂದಿನ ಇಬ್ಬರಿಗೆ ನಾನು ಅಷ್ಟೇನೂ ಯೋಚನೆ ಮಾಡಲಿಲ್ಲ.

ಏಳನೆಯವರಾಗಿ ಆ ಹೆಂಗಸು ಬಂದರು. ಅರವತ್ತರ ಆಸುಪಾಸು. ಬೂದು ಬಣ್ಣದ ಸ್ವೆಟರು, ಅದರ ಒಂದು ಗುಂಡಿ ತಪ್ಪಾದ ಕಾಜಕ್ಕೆ ಸೇರಿತ್ತು. ಮೈಕಿನ ವೈರನ್ನು ತೋರುಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಧಾನವಾಗಿ ಶುರು ಮಾಡಿದರು. ನಮ್ಮಪ್ಪ 1998ರಲ್ಲಿ ಪಕ್ಕದ ಮನೆಯವರ ಹತ್ತಿರ ಒಂದು ಏಣಿ ತಂದರು. ಕಿಟಕಿಗೆ ಬಣ್ಣ ಹೊಡೆಯೋಕೆ. ವಾಪಸ್ ಕೊಡಲಿಲ್ಲ. ಯಾಕೆ ಅಂದರೆ ಅದಕ್ಕೂ ಮುಂಚೆ ಪಕ್ಕದ ಮನೆಯವರು ಅಪ್ಪನ ಹುಲ್ಲು ಕತ್ತರಿಸೋ ಮೆಷಿನ್ ತಗೊಂಡು ಹೋಗಿ ಹಾಳು ಮಾಡಿದ್ದರು. ಅಲ್ಲಿಂದ 11 ವರ್ಷ ಇಬ್ಬರಿಗೂ ಮಾತಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಪಕ್ಕದ ಮನೆಯಿಂದ ಕಾರ್ಡ್ ಬರುತ್ತಿತ್ತು. ಅದರಲ್ಲಿ ಅಮ್ಮನ ಹೆಸರು, ನನ್ನ ಹೆಸರು, ನಾಯಿಯ ಹೆಸರು. ಅಪ್ಪನ ಹೆಸರಿಲ್ಲ.

ಅಲ್ಲಿ ಸ್ವಲ್ಪ ನಗು ಬಂತು. ಆದರೆ ಅಷ್ಟರಲ್ಲಿ ಒಂದೂವರೆ ನಿಮಿಷ ಆಗಿತ್ತು. ಒಂದು ಕಾರ್ಡ್ ಮೇಲೆ ಹೋಯಿತು. ಅವರು ನೋಡಿದರು, ಆದರೂ ಅವಸರ ಮಾಡಲಿಲ್ಲ. ಪಕ್ಕದ ಮನೆಯವರು ಏಣಿ ಕೇಳಿ ಅಮ್ಮನ ಹತ್ತಿರ ಹೇಳಿ ಕಳಿಸುತ್ತಿದ್ದರು. ಅಪ್ಪನ ಉತ್ತರ ಯಾವಾಗಲೂ ಒಂದೇ: "ನಾನು ಸತ್ತ ಮೇಲೆ ತಗೊಂಡು ಹೋಗು ಅಂತ ಹೇಳು." ಎರಡನೇ ಕಾರ್ಡ್.

ಈಗ ಕೋಣೆಯ ಕಣ್ಣೆಲ್ಲ ನನ್ನ ಕಡೆ ತಿರುಗಿತು. "ಕಾರ್ಡ್! ಕಾರ್ಡ್!" ಅಂತ ಕೂಗು. ಕಾಲಿನಿಂದ ಹಲಗೆ ಕುಟ್ಟುತ್ತಿದ್ದರು. ಕೂಗಿದವರು ಕೆಟ್ಟವರಲ್ಲ, ಆಟದ ಹುಮ್ಮಸ್ಸು. ಆ ಹೆಂಗಸು ಮಾತ್ರ ಹೇಳುತ್ತಲೇ ಇದ್ದರು. 2009ರಲ್ಲಿ ಅಪ್ಪ ತೀರಿಕೊಂಡರು. ಚರ್ಚಿನಲ್ಲಿ ಎಲ್ಲರೂ ಕೂತಿದ್ದೇವೆ. ಬಾಗಿಲು ಕಿರ್ ಅಂತು. ಪಕ್ಕದ ಮನೆಯವರು ಒಳಗೆ ಬಂದರು. ಅವರ ಒಂದು ಕೈಯಲ್ಲಿ ಹೂವು. ಇನ್ನೊಂದು ಕೈಯಲ್ಲಿ...

ನಾನು ಕಾರ್ಡ್ ಎತ್ತಿದೆ. ಢಣ್!

ನನಗೆ ಆ ಕಥೆ ಬೇಕಿತ್ತು. ಇನ್ನೊಂದು ಕೈಯಲ್ಲಿ ಏನಿತ್ತು ಅಂತ ಕಿವಿ ನಿಮಿರಿಸಿ ಕಾಯುತ್ತಿದ್ದೆ. ಆದರೂ ಕೈ ಮೇಲೆ ಹೋಯಿತು. ಅರವತ್ತು ಜನರ ಕೂಗಿಗೆ ಹೋಯಿತು. ಅವರು ಬೆರಳಿಗೆ ಸುತ್ತಿದ್ದ ವೈರನ್ನು ನಿಧಾನವಾಗಿ ಬಿಚ್ಚಿ, ಮೈಕನ್ನು ಅದರ ಜಾಗದಲ್ಲಿ ಸರಿಯಾಗಿ ಸಿಕ್ಕಿಸಿ, "ಥ್ಯಾಂಕ್ಯೂ" ಅಂತ ಹೇಳಿ ಇಳಿದು ಹೋದರು.

ಬ್ರೇಕ್ ಸಿಕ್ಕಾಗ ಹುಡುಗನಿಗೂ ನನಗೂ ವಾದವಾಯಿತು. "ಮಾಮ, ಇದು ಆಟ. ಅವರೂ ಗೊತ್ತಿದ್ದೇ ಬಂದಿರ್ತಾರೆ. ಜನ ನಗದೇ ಇದ್ರೆ ಕಾಮಿಡಿಯನ್ಸ್ 'ಸತ್ತೆ' ಅಂತಾರೆ. ನೂರು ಸಲ ಸತ್ತೇ ಕಲಿಯೋದು" ಅಂದ. ಇಲ್ಲಿ ಈಗ ಮನೆಮಾತಾಗಿರುವ ಕಾಮಿಡಿಯನ್ ರೊಮೇಶ್ ರಂಗನಾಥನ್ ಮೊದಲು ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು, ಹೆಸರಿಲ್ಲದವರಿಗೆ ಬಾಗಿಲು ತೆರೆದಿರೋದೇ ಇಂಥ ರಾತ್ರಿಗಳಲ್ಲಿ ಅಂದ. ಅದು ಸರಿಯೇ. ನಮ್ಮಲ್ಲಿ ಹೆಸರು ಇಲ್ಲದವನಿಗೆ ಮೈಕು ಸಿಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಗಾಂಗ್ ಶೋ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ.

ನನ್ನ ತಕರಾರು ಇರೋದು ಗಡಿಯಾರದ ಬಗ್ಗೆ. ಹತ್ತು ಸೆಕೆಂಡಿಗೊಂದು ನಗು ಬರಲೇಬೇಕು ಅಂದರೆ ಒಂದೇ ಜಾತಿಯ ಹಾಸ್ಯ ಉಳಿಯುತ್ತದೆ. ಪಟ್ ಅಂತ ಹೊಡೆಯೋದು. ನಗಿಸೋಕೆ ಇನ್ನೊಂದು ದಾರಿಯೂ ಇದೆಯಲ್ಲ? ಹರಟೆಯ ದಾರಿ. ಗಂಗಾವತಿ ಪ್ರಾಣೇಶ್ ಅವರ ಮಾತು ಕೇಳಿ ಬೆಳೆದವನು ನಾನು. ಒಂದು ಸಣ್ಣ ಪ್ರಸಂಗ ಹಿಡಿದರೆ ಅದರ ಮನೆ, ಕಟ್ಟೆ, ಅಲ್ಲಿ ಕೂತ ಮುದುಕ, ಅವನು ಎಲೆ ಅಡಿಕೆ ಹಾಕೋ ರೀತಿ, ಎಲ್ಲ ಕಣ್ಣಿಗೆ ಕಟ್ಟಿದ ಮೇಲೆ ನಗು ಬರಬೇಕು. ಆಗ ಬರುವ ನಗು ಹೊಟ್ಟೆಯಿಂದ ಬರುತ್ತದೆ. ಇದು ನಮ್ಮದು, ಅದು ಅವರದು ಅಂತಲೂ ಅಲ್ಲ. ಇದೇ ದೇಶದ ಕಾಮಿಡಿಯನ್ ಬಿಲ್ಲಿ ಕಾನಲಿ, ಗ್ಲಾಸ್ಗೋದ ಹಡಗು ಕಟ್ಟುವ ಜಾಗದಲ್ಲಿ ವೆಲ್ಡರ್ ಆಗಿದ್ದವರು. ಒಂದು ಕಥೆ ಹೇಳುತ್ತಾ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹಾರಿ, ಎಷ್ಟೋ ಹೊತ್ತಿನ ಮೇಲೆ ಮೊದಲಿನದಕ್ಕೆ ಮರಳುತ್ತಿದ್ದವರು. ಇಡೀ ಬ್ರಿಟನ್ ಅವರನ್ನು ತಲೆ ಮೇಲೆ ಹೊತ್ತುಕೊಂಡಿದೆ. ಹೆಸರಿಲ್ಲದ ವೆಲ್ಡರ್ ಆಗಿ ಈ ಹಲಗೆ ಹತ್ತಿದ್ದರೆ ಎರಡು ನಿಮಿಷಕ್ಕೆ ನಾವೇ ಇಳಿಸುತ್ತಿದ್ದೆವು.

ಚಾರ್ಲಿ ಚಾಪ್ಲಿನ್ ಆತ್ಮಕಥೆಯಲ್ಲಿ ಬರೆದ ಒಂದು ಘಟನೆ ಆಗ ನೆನಪಾಯಿತು. 1894. ಆಲ್ಡರ್‌ಶಾಟ್ ಅನ್ನೋ ಸೈನಿಕರ ಊರು. ಅವನ ತಾಯಿ ಹಾಡುತ್ತಿದ್ದಾಗ ಗಂಟಲು ಕೈಕೊಟ್ಟಿತು. ಜನ ಕೂಗಿ, ಅಣಕಿಸಿ, ಆಕೆ ವೇದಿಕೆ ಬಿಟ್ಟು ಹೋಗುವ ಹಾಗೆ ಮಾಡಿದರು. ಐದು ವರ್ಷದ ಮಗನನ್ನು ಕೈಹಿಡಿದು ತಂದು ನಿಲ್ಲಿಸಿದರು. ಅವನು ಹಾಡಿದ, ಜನ ಚಿಲ್ಲರೆ ಎಸೆದರು, ಹಾಡು ನಿಲ್ಲಿಸಿ ಚಿಲ್ಲರೆ ಆರಿಸಿಕೊಂಡ, ಜನ ನಕ್ಕರು. ಇದನ್ನು ಚಾಪ್ಲಿನ್ ಹುಟ್ಟಿದ ಕಥೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ತಾಯಿಯ ಚಿಂತೆ. ಆ ರಾತ್ರಿ ಮನೆಗೆ ಹೋಗಿ ಆಕೆ ಏನು ಮಾಡಿರಬಹುದು? ಹುಡುಗನಿಗೆ ಇದನ್ನು ಹೇಳಿದೆ. ಅವನು ಏನೂ ಅನ್ನಲಿಲ್ಲ, ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

ದ್ವಿತೀಯಾರ್ಧಕ್ಕೆ ನಾನು ಕೂರಲಿಲ್ಲ. ಕಾರ್ಡನ್ನು ಎಂಸಿಯ ಕೈಗೆ ವಾಪಸ್ ಕೊಟ್ಟೆ. ಹೊರಗೆ ಬಂದರೆ ಸಣ್ಣ ಮಳೆ. ಬಸ್ ಸ್ಟಾಪಿನ ಶೆಡ್ಡಿನ ಕೆಳಗೆ ಅವರೇ ನಿಂತಿದ್ದರು, ತಲೆಗೆ ಪ್ಲಾಸ್ಟಿಕ್ ಸ್ಕಾರ್ಫು ಕಟ್ಟಿಕೊಂಡು. ಹತ್ತಿರ ಹೋಗಿ ಹೇಳಿದೆ: "ಮೂರನೇ ಕಾರ್ಡ್ ನನ್ನದು. ತಪ್ಪಾಯ್ತು. ದಯವಿಟ್ಟು ಹೇಳಿ, ಇನ್ನೊಂದು ಕೈಯಲ್ಲಿ ಏನಿತ್ತು?"

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದೇ ನಿಧಾನದಲ್ಲಿ, ವೇದಿಕೆಯ ಮೇಲೆ ಬಿಟ್ಟ ಜಾಗದಿಂದಲೇ ಹಿಡಿದರು. "ಬಾಗಿಲು ಕಿರ್ ಅಂತು. ಪಕ್ಕದ ಮನೆಯವರು ಒಳಗೆ ಬಂದರು. ಒಂದು ಕೈಯಲ್ಲಿ ಹೂವು. ಇನ್ನೊಂದು ಕೈಯಲ್ಲಿ ಹಗ್ಗ. ಕಾರಿನ ಮೇಲೆ ಏಣಿ ಕಟ್ಟೋಕೆ."

ಮಳೆಯಲ್ಲಿ ನಿಂತು ನಾವು ಮೂವರೂ ನಕ್ಕೆವು. ಹುಡುಗ ಕಂಬ ಹಿಡಿದುಕೊಂಡು ನಕ್ಕ. ಸದ್ದು ಕಡಿಮೆಯಾದ ಮೇಲೆ ಅವರು ಮುಂದುವರಿಸಿದರು. ಅಪ್ಪ ಹೋದ ಮೇಲೆ ಅಮ್ಮ ಮೊದಲ ಸಲ ನಕ್ಕಿದ್ದು ಆ ಚರ್ಚಿನಲ್ಲಿ, ಆ ಹಗ್ಗ ನೋಡಿ. ಶವಸಂಸ್ಕಾರ ಮುಗಿಸಿ ಮನೆಗೆ ಬಂದು ಅಮ್ಮನೇ ಏಣಿಯ ಒಂದು ತುದಿ ಹಿಡಿದು ಕಾರಿಗೆ ಕಟ್ಟಿಸಿದರಂತೆ. ಅಲ್ಲಿಂದ ಪ್ರತಿ ನವೆಂಬರಿನಲ್ಲಿ, ಎಲೆ ಎಲ್ಲ ಉದುರಿದ ಮೇಲೆ, ಪಕ್ಕದ ಮನೆಯವರು ಅದೇ ಏಣಿ ತಂದು ಅಮ್ಮನ ಮನೆಯ ಸೂರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ತೆಗೆದು ಹೋಗುತ್ತಾರೆ. ಈಗ ಅವರಿಗೆ 84. ಬೇಡ ಅಂದರೂ ಕೇಳುವುದಿಲ್ಲ, ಅದಕ್ಕೆ ತಾನೇ ಏಣಿಯ ಕೆಳಗೆ ನಿಂತು ಹಿಡಿದುಕೊಳ್ಳುತ್ತೇನೆ ಅಂದರು.

"ಇಷ್ಟು ಹೇಳೋಕೆ ಇನ್ನೆಷ್ಟು ಹೊತ್ತು ಬೇಕಿತ್ತು?" ಅಂತ ಕೇಳಿದೆ.

"ಒಂದು ನಿಮಿಷ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ."

ಬಸ್ ಬಂತು. ಮುಂದಿನ ತಿಂಗಳು ಮತ್ತೆ ಹೆಸರು ಕೊಟ್ಟಿದ್ದೇನೆ ಅಂತ ಹೇಳಿ ಹತ್ತಿದರು. ಹುಡುಗ ನನಗಿಂತ ಮುಂಚೆಯೇ ಫೋನ್ ತೆಗೆದು ಎರಡು ಟಿಕೆಟ್ ಬುಕ್ ಮಾಡುತ್ತಿದ್ದ.