ದೆವ್ವಗಳಿಗೂ ಗೊತ್ತು ಯಾರ ಮನೆಗೆ ಹೋಗಬೇಕೆಂದು

ಅಕ್ಟೋಬರ್ ಬಂತೆಂದರೆ ಸಾಕು, ವಾಟ್ಸಾಪಿನಲ್ಲಿ ಆ ಮನೆ ಮತ್ತೆ ಎದ್ದು ಕೂರುತ್ತದೆ. ನಿಮಗೂ ಬಂದಿರುತ್ತದೆ ಬಿಡಿ. ಅಮೆರಿಕದಲ್ಲೊಬ್ಬಳು ವಿಧವೆ, ಬಂದೂಕಿನ ದುಡ್ಡು, ಆ ಬಂದೂಕಿಗೆ ಸತ್ತವರೆಲ್ಲ ದೆವ್ವವಾಗಿ ಬೆನ್ನು ಹತ್ತಿದ್ದು, ಕಟ್ಟುವುದು ನಿಲ್ಲಿಸಿದರೆ ನೀನೂ ಸಾಯುತ್ತೀಯ ಅಂತ ಯಾರೋ ಹೇಳಿದ್ದು, 38 ವರ್ಷ ಹಗಲೂ ರಾತ್ರಿ ಸುತ್ತಿಗೆ ಸದ್ದು. ಕೊನೆಗೆ ಕೈ ಮುಗಿಯುವ ಎಮೋಜಿ.

ಈ ಸಲ ಅದು ದಾವಣಗೆರೆಯಿಂದ ಹೊರಟು, ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಮ್ಮ ಸೋಫಾದ ಮೇಲೆ ಕೂತಿದ್ದ ಅಮ್ಮನ ಫೋನಿಗೆ ಬಂತು. "ಇದು ನಿಮ್ಮೂರ ಹತ್ರಾನೇ ಐತಂತಲ್ಲೋ?"

ಹತ್ತಿರವೇ. ಸ್ಯಾನ್ ಹೋಸೆಯ ವಿಂಚೆಸ್ಟರ್ ಮಿಸ್ಟರಿ ಹೌಸ್. ಇಷ್ಟು ವರ್ಷ ನಾನೇ ಬಾಯಿ ಬಿಟ್ಟಿರಲಿಲ್ಲ. ತಲೆಗೆ ನಲವತ್ತು ಡಾಲರ್ ಆಸುಪಾಸು. ಅಮ್ಮ ಅದನ್ನು ರೂಪಾಯಿಗೆ ತಿರುಗಿಸದ ಹಾಗೆ ನೋಡಿಕೊಂಡು ಕರೆದುಕೊಂಡು ಹೋದೆ.

ಮನೆ ಮಾತ್ರ ಕಣ್ಣಿಗೆ ಹಬ್ಬ. ಸುಮಾರು 160 ಕೋಣೆ, 2,000 ಬಾಗಿಲು, ಆರು ಅಡುಗೆಮನೆ. ಒಂದು ಮೆಟ್ಟಿಲು ಏರುತ್ತಾ ಏರುತ್ತಾ ಹೋಗಿ ಸೂರಿಗೆ ತಲೆ ಬಡಿದು ನಿಲ್ಲುತ್ತದೆ. ಮಹಡಿಯಲ್ಲೊಂದು ಬಾಗಿಲು ತೆಗೆದರೆ ಆಚೆ ಬರೀ ಗಾಳಿ. ಎಲ್ಲ ದೆವ್ವಗಳನ್ನು ದಾರಿ ತಪ್ಪಿಸಲು ಕಟ್ಟಿಸಿದ್ದಂತೆ. ಗೋಡೆಯನ್ನೇ ತೂರಿ ಬರುವ ದೆವ್ವ ಬಾಗಿಲ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತದೆಯೇ ಎಂದು ಕೇಳಬಾರದು.

ನಮ್ಮವರನ್ನು ಕೇಳಿದ್ದರೆ ಖರ್ಚೇ ಇಲ್ಲದೆ ಮುಗಿಸಿಕೊಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ನೆನಪಿದೆಯಲ್ಲ? ಒಂದು ತುಂಡು ಸೀಮೆಸುಣ್ಣ, ಕೆಲಸ ಮುಗೀತು. ದೆವ್ವ ಓದಿ, ಸರಿ ಎಂದು ವಾಪಸ್ ಹೋಗುತ್ತಿತ್ತು. ಅಕ್ಷರಸ್ಥ ದೆವ್ವ, ಅದೂ ಕನ್ನಡ ಬಲ್ಲದ್ದು! ಈಗ ಬೆಂಗಳೂರಿನಲ್ಲಿ ಅಂಥದ್ದು ಸಿಗುವುದು ಕಷ್ಟ. ಇನ್ನು ತಿಕ್ಕಲು ಬಾಗಿಲಿನ ಮಾತಿಗೆ ಬಂದರೆ, ನಮ್ಮ ದೊಡ್ಡಪ್ಪ ವಾಸ್ತು ಸರಿಯಿಲ್ಲ ಎಂದು ಹೊಸ ಮನೆಯ ಮುಂಬಾಗಿಲು ಮುಚ್ಚಿಸಿ ಅಡುಗೆಮನೆ ಗೋಡೆ ಒಡೆಸಿದರು. ಇವತ್ತಿಗೂ ಅವರ ಮನೆಗೆ ಹೋದವರು ಮೊದಲು ಗ್ಯಾಸ್ ಸ್ಟೌವಿಗೆ ನಮಸ್ಕಾರ ಮಾಡಿ ಒಳಗೆ ಬರಬೇಕು. ಅದನ್ನು ಯಾರೂ ಮಿಸ್ಟರಿ ಹೌಸ್ ಅನ್ನುವುದಿಲ್ಲ. ದೊಡ್ಡಪ್ಪ ಗಂಡಸು, ರಿಟೈರ್ಡ್ ಎಂಜಿನಿಯರ್ ಬೇರೆ.

ಹೋಗಲಿ, ಆ 38 ವರ್ಷದ ಲೆಕ್ಕಕ್ಕೆ ಬರೋಣ. ಸಾರಾ ವಿಂಚೆಸ್ಟರ್ ಎಂಟು ಕೋಣೆಯ ತೋಟದ ಮನೆ ಕೊಂಡಿದ್ದು 1886ರಲ್ಲಿ. ತೀರಿಕೊಂಡಿದ್ದು 1922ರ ಸೆಪ್ಟೆಂಬರಿನಲ್ಲಿ. ನಾನು ಕಲಿತ ಗಣಿತದಲ್ಲಿ ಅದು 36. ಬಾಕಿ ಎರಡು ವರ್ಷ ದೆವ್ವಗಳು ಅಡ್ವಾನ್ಸ್ ಆಗಿ ಕಟ್ಟಿರಬೇಕು. ಹಗಲೂ ರಾತ್ರಿ ಅನ್ನುವುದೂ ಬುರುಡೆಯೇ. ಆಕೆ ಕೆಲಸದವರನ್ನು ಕಳಿಸಿ ತಿಂಗಳುಗಟ್ಟಲೆ ಸುಮ್ಮನಿರುತ್ತಿದ್ದಳು ಎಂಬುದನ್ನು ಮೇರಿ ಜೋ ಇಗ್ನೋಫೋ ಎಂಬ ಇತಿಹಾಸಕಾರ್ತಿ ಆಕೆಯ ಪತ್ರಗಳನ್ನೇ ಹುಡುಕಿ ಬರೆದಿದ್ದಾರೆ. 1906ರ ಭೂಕಂಪದಲ್ಲಿ ಏಳಂತಸ್ತಿನ ಗೋಪುರ ಉರುಳಿತು. ಹಾಳಾದದ್ದನ್ನು ತೆಗೆಸಿದಳು, ಮತ್ತೆ ಕಟ್ಟಿಸುವ ಗೋಜಿಗೆ ಹೋಗಲಿಲ್ಲ. ಮುಂದಿನ ಕೋಣೆಯೇ ಹೋದ ಮೇಲೆ ಬಾಗಿಲು ಗಾಳಿಗಲ್ಲದೆ ಇನ್ನೆಲ್ಲಿಗೆ ತೆರೆಯಬೇಕು?

ಆದರೆ ಇದನ್ನೆಲ್ಲ ಹೇಳಿದರೆ ನಲವತ್ತು ಡಾಲರ್ ಯಾರು ಕೊಡುತ್ತಾರೆ? ಮನೆಯನ್ನು ಬಾಡಿಗೆಗೆ ಹಿಡಿದ ಜಾನ್ ಬ್ರೌನ್ ಮೊದಲು ರೋಲರ್ ಕೋಸ್ಟರ್ ಕಟ್ಟುತ್ತಿದ್ದವನು. 1923ರಲ್ಲೇ ಟಿಕೆಟ್ ಶುರು. ಆಕೆಯ ವರ್ಷಾಂತಿಕದವರೆಗೂ ಕಾಯಲಿಲ್ಲ. ಜನ ಯಾವುದಕ್ಕೆ ಕಿರುಚುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು.

ನನಗೆ ನಿಜವಾಗಿ ಮೆಚ್ಚುಗೆ ಇರುವುದು ಆ ದೆವ್ವಗಳ ವಿವೇಕದ ಮೇಲೆ. ಬಂದೂಕಿನ ಕಂಪನಿ ಕಟ್ಟಿದವನು ಮಾವ ಆಲಿವರ್ ವಿಂಚೆಸ್ಟರ್. ಮೊದಲು ಅಂಗಿ ಮಾರುತ್ತಿದ್ದವನು, ಆಮೇಲೆ ರೈಫಲ್, ನಡುವೆ ಕನೆಕ್ಟಿಕಟ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್. ದೆವ್ವಗಳು ಅವನ ತಂಟೆಗೆ ಹೋಗಲಿಲ್ಲ, ದೊಡ್ಡ ಮನುಷ್ಯ. 1890ರಿಂದ ಕಂಪನಿಯ ಅಧ್ಯಕ್ಷನಾಗಿ ಕೂತವನು ನಾದಿನಿಯ ಗಂಡ ಥಾಮಸ್ ಬೆನೆಟ್. ಅವನಿಗೂ ಏನೂ ಮಾಡಲಿಲ್ಲ, ಪಾಪ, ಆಫೀಸಿನಲ್ಲಿ ಬಿಜಿ. ಈ ಬಂದೂಕು ಪಶ್ಚಿಮವನ್ನು ಗೆದ್ದಿತು ಎಂದು ಜಾಹೀರಾತು ಹಾಕಿಕೊಂಡು ಮಾರಿದರಲ್ಲ, ಅವರೂ ಚೆನ್ನಾಗಿ ನಿದ್ದೆ ಮಾಡಿದರು. ಸತ್ತವರೆಲ್ಲ ಸಭೆ ಸೇರಿ, ಚರ್ಚೆ ಮಾಡಿ, ಮೂರು ಸಾವಿರ ಮೈಲಿ ಆಚೆ ಇರುವ ನಾಲ್ಕು ಅಡಿ ಹತ್ತು ಇಂಚಿನ ವಿಧವೆಯ ಮನೆಗೆ ಹೋಗೋಣ ಎಂದು ತೀರ್ಮಾನಿಸಿದರು.

ಥೂ. ಆ ಹೆಂಗಸಿಗೆ ಹುಟ್ಟಿದ್ದು ಒಂದೇ ಮಗು, 1866ರಲ್ಲಿ. ಒಂದೂವರೆ ತಿಂಗಳೂ ಬದುಕಲಿಲ್ಲ. ಗಂಡ 1881ರಲ್ಲಿ ಕ್ಷಯಕ್ಕೆ ಹೋದ. ಅವನ ಹೆಸರಲ್ಲಿ ಕ್ಷಯ ರೋಗಿಗಳ ಆಸ್ಪತ್ರೆಗೆ ಹತ್ತು ಲಕ್ಷಕ್ಕೂ ಜಾಸ್ತಿ ಡಾಲರ್ ಕೊಟ್ಟಳು. ಯಾವ ಫಾರ್ವರ್ಡಿನಲ್ಲೂ ಆ ಆಸ್ಪತ್ರೆ ಇಲ್ಲ. ದುಡ್ಡಿತ್ತು, ಕೇಳುವ ಗಂಡಸಿರಲಿಲ್ಲ, ಮನಸ್ಸಿಗೆ ಬಂದ ಹಾಗೆ ಕಟ್ಟಿಸಿದಳು, ಅಕ್ಕಪಕ್ಕದವರನ್ನು ಕಾಫಿಗೆ ಕರೆಯಲಿಲ್ಲ. ಇಷ್ಟಕ್ಕೆ ನೂರು ವರ್ಷದಿಂದ ಹುಚ್ಚಿ. ಸಾಕಾಗಿದೆ ನನಗಂತೂ.

ಅಮ್ಮ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಆಕೆ ನಿಂತಿದ್ದು ಒಂದೇ ಕಡೆ. 44 ಮೆಟ್ಟಿಲು, ಏಳು ತಿರುವು, ಒಟ್ಟು ಏರುವುದು ಒಂಬತ್ತೇ ಅಡಿ. ಒಂದೊಂದು ಮೆಟ್ಟಿಲೂ ಎರಡೂವರೆ ಇಂಚೂ ಇಲ್ಲ. ಗುಂಪಿನವರು ಓಹೋ ಎಂದು ಫೋನ್ ಎತ್ತುವ ಮೊದಲೇ ಅಮ್ಮ ಸೀರೆ ಎತ್ತಿ ಹಿಡಿದು ಎರಡು ಮೆಟ್ಟಿಲು ಹತ್ತಿ, "ಪಾಪ, ಈಯಮ್ಮಗೂ ಮಂಡಿನೋವು ಕಣೋ" ಎಂದಳು. ಸಾರಾಗೆ ಸಂಧಿವಾತ ಇದ್ದದ್ದು ನಿಜ. ನೂರು ವರ್ಷದಲ್ಲಿ ಸರಿಯಾದ ಭೂತವೈದ್ಯೆ ಬಂದಿದ್ದು ಅವತ್ತೇ.

ಕೊನೆಯ ಮೆಟ್ಟಿಲವರೆಗೂ ಅಮ್ಮ ಏದುಸಿರು ಬಿಡದೆ ಹತ್ತಿದಳು. ನಮ್ಮ ಮನೆಯ ಮೆಟ್ಟಿಲಿಗೆ ದಿನಾ ಶಾಪ ಹಾಕುವವಳು. ಕಾರಿನಲ್ಲಿ ಬಹಳ ಹೊತ್ತು ಮಾತಿಲ್ಲ. ನಾನು ದುಡ್ಡಿನ ಲೆಕ್ಕ ಗೊತ್ತಾಯಿತೇನೋ ಎಂದು ಹೆದರಿದ್ದೆ.

"ದಾವಣಗೆರೆ ಮನೇಲಿ ಮಹಡಿಗೆ ಅಂಥವೇ ಮೆಟ್ಟಿಲು ಕಟ್ಟಿಸಬೇಕು ನೋಡು" ಎಂದಳು ಕೊನೆಗೆ. "ಆದ್ರೆ ನಲವತ್ತನಾಲ್ಕು ಬ್ಯಾಡ, ಸರಿ ಸಂಖ್ಯೆ ಆಗಿಬರಂಗಿಲ್ಲ. ಮೇಸ್ತ್ರಿಗೆ ನಲವತ್ತೈದು ಹೇಳು."