ಅತಿಥಿಯ ಬಾಯಿಗೆ ಬೀಗ, ಮನೆಯವರಿಗೆ ಗೇಟ್‌ಪಾಸ್

ರ್‍ಯಾಪ್ ಹಾಡಿನಲ್ಲಿ ಕೊಕೇನ್ ಮಾರಬಹುದು. ಎಷ್ಟು ತೂಕ, ಯಾವ ಬೀದಿ, ಲಾಭ ಎಷ್ಟು ಎಂದು ಪ್ರಾಸ ಕೂಡಿಸಿ ಲೆಕ್ಕ ಒಪ್ಪಿಸಬಹುದು. ಕಂಪನಿಯವರು ಅದರ ಮೇಲೊಂದು ಎಚ್ಚರಿಕೆಯ ಚೀಟಿ ಅಂಟಿಸಿ ನೆಮ್ಮದಿಯಾಗಿ ಮಾರುತ್ತಾರೆ. ಆದರೆ ಹಾಡಿನ ನಡುವೆ ಅತಿಥಿಯಾಗಿ ಬಂದವರು ‘ಟ್ರಂಪ್ ಕಾರ್ಡ್’ ಅಂದುಬಿಟ್ಟರೆ ಕಷ್ಟ. ಮರ್ಯಾದಸ್ಥರ ಕಂಪನಿಯಲ್ಲಿ ಅಂಥ ಮಾತೆಲ್ಲ ನಡೆಯುವುದಿಲ್ಲ.

ವಿಷಯ ಕ್ಲಿಪ್ಸ್ ಎಂಬ ರ್‍ಯಾಪ್ ಜೋಡಿಯದ್ದು. ಅಮೆರಿಕದ ವರ್ಜೀನಿಯಾದ ಅಣ್ಣ-ತಮ್ಮ. ಅಣ್ಣ ಮ್ಯಾಲಿಸ್, ತಮ್ಮ ಪುಷಾ ಟಿ. 2002ರ ಅವರ ‘ಗ್ರೈಂಡಿನ್’ ಹಾಡಿನ ತಾಳವನ್ನು ಅಲ್ಲಿನ ಶಾಲೆಯ ಹುಡುಗರು ಊಟದ ಮೇಜಿನ ಮೇಲೆ ಕುಟ್ಟಿದ್ದೇ ಕುಟ್ಟಿದ್ದು. 2009ರ ಆಲ್ಬಮ್ ಆದಮೇಲೆ ಅಣ್ಣ ದೇವರ ಕಡೆ ತಿರುಗಿದರು. ತಮ್ಮ ಒಬ್ಬರೇ ಹಾಡಿಕೊಂಡಿದ್ದರು. 2025ರಲ್ಲಿ ಇಬ್ಬರೂ ಮತ್ತೆ ಸೇರಿ ‘ಲೆಟ್ ಗಾಡ್ ಸಾರ್ಟ್ ಎಮ್ ಔಟ್’ ಎಂಬ ಆಲ್ಬಮ್ ತಂದರು. ಸಂಗೀತ ಹಳೇ ಗೆಳೆಯ ಫರೆಲ್ ವಿಲಿಯಮ್ಸ್ ಅವರದ್ದು. ಅದರ ‘ಚೈನ್ಸ್ ಆ್ಯಂಡ್ ವಿಪ್ಸ್’ ಹಾಡಿಗೆ ಅತಿಥಿ ಕೆಂಡ್ರಿಕ್ ಲಮಾರ್. 2018ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೇ ಪಡೆದ ರ್‍ಯಾಪರ್! ಇಂಥ ಅತಿಥಿ ಸಿಕ್ಕರೆ ಬೇರೆ ಕಂಪನಿಯಾಗಿದ್ದರೆ ಗಣಪತಿಗೆ ಈಡುಗಾಯಿ ಒಡೆಯುತ್ತಿತ್ತು.

ಆದರೆ ಆಲ್ಬಮ್ ಹೊರತರಬೇಕಿದ್ದ ಡೆಫ್ ಜ್ಯಾಮ್ ಕಂಪನಿ ಕತ್ತರಿ ಹುಡುಕಿತು. ಪುಷಾ ಟಿ 2025ರ ಜೂನ್‌ನಲ್ಲಿ ಜಿಕ್ಯೂ ಪತ್ರಿಕೆಗೆ ಹೇಳಿದ ಪ್ರಕಾರ, ಮೊದಲು ಬಂದ ಬೇಡಿಕೆ ಕೆಂಡ್ರಿಕ್ ಮಾತಿಗೆ ಕತ್ತರಿ ಹಾಕಿಸಿ ಅಂತ. ಆಗಲ್ಲ ಅಂದಮೇಲೆ, ಹಾಡನ್ನೇ ತೆಗೆಯಿರಿ ಅಂತ. ಅದೂ ಆಗಲ್ಲ ಅಂದಾಗ ಸಂಬಂಧವೇ ಮುರಿಯಿತು. ‘ಟ್ರಂಪ್ ಕಾರ್ಡ್’ ಎಂಬ ಮಾತು ಕಂಪನಿಗೆ ಹಿಡಿಸಲಿಲ್ಲ ಎಂದು ಅವರೇ ಇನ್ನೊಂದು ಸಂದರ್ಶನದಲ್ಲಿ ಹೇಳಿದರು. ಆದರೆ ನಿಜವಾದ ಕಾರಣ ಅದಲ್ಲ ಎನ್ನುವುದು ಅವರ ನಂಬಿಕೆ. ಹಾಡು ಕೇಳಿದವರಿಗೂ ಹಾಗೇ ಅನ್ನಿಸುತ್ತದೆ.

ಇಲ್ಲೊಂದು ಸ್ವಾರಸ್ಯ ಇದೆ. ಮಾತು ಕೇಳದವರನ್ನು ಆಚೆ ಹಾಕುವುದು ಹಳೇ ಪದ್ಧತಿ. ಇಲ್ಲಿ ಆಚೆ ಹೋಗುವವರೇ ದುಡ್ಡು ಕಟ್ಟಿ ಹೋದರು. ಒಪ್ಪಂದದಿಂದ ಬಿಡಿಸಿಕೊಳ್ಳಲು ಏಳಂಕಿಯ ಡಾಲರ್ ಮೊತ್ತ ಕೊಟ್ಟೆವು ಎಂದು ಅವರ ಮ್ಯಾನೇಜರ್ ಬಿಲ್‌ಬೋರ್ಡ್ ಪತ್ರಿಕೆಗೆ ತಿಳಿಸಿದರು. ಅಂದರೆ ‘ನಿಮ್ಮ ಹಾಡು ಬೇಡ, ಆದರೆ ನಿಮ್ಮ ದುಡ್ಡು ಬೇಕು’ ಅಂತ ಆಯ್ತಲ್ಲ. ಒಂದೂ ಹಾಡು ಬಿಡುಗಡೆ ಮಾಡದೆ ಹಣ ಮಾಡುವ ಈ ವಿದ್ಯೆ ಬೇರೆ ಕಂಪನಿಗಳಿಗೂ ಗೊತ್ತಾಗಿಬಿಟ್ಟರೆ ಸ್ಟುಡಿಯೋಗಳನ್ನು ಮದುವೆ ಛತ್ರ ಮಾಡಬಹುದು.

ಈಗ ಆ ನಿಜವಾದ ಕಾರಣಕ್ಕೆ ಬರೋಣ. ಅದರ ಹೆಸರು ಡ್ರೇಕ್, ಇನ್ನೊಬ್ಬ ಹೆಸರಾಂತ ರ್‍ಯಾಪರ್. 2024ರಲ್ಲಿ ಡ್ರೇಕ್‌ಗೂ ಕೆಂಡ್ರಿಕ್‌ಗೂ ಹಾಡಿನಲ್ಲೇ ದೊಡ್ಡ ಜಗಳವಾಯಿತು. ಕೆಂಡ್ರಿಕ್ ಅವರ ‘ನಾಟ್ ಲೈಕ್ ಅಸ್’ ಬಂದಮೇಲೆ ಜಗಳ ಮುಗಿದಂತೆಯೇ ಆಯಿತು. ಆ ಹಾಡಿಗೆ 2025ರ ಫೆಬ್ರುವರಿಯಲ್ಲಿ 5 ಗ್ರ್ಯಾಮಿ ಬಂತು. ಒಂದು ವಾರ ಕಳೆದು ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ವಿರಾಮದಲ್ಲಿ ಕೋಟಿಗಟ್ಟಲೆ ಜನ ಟಿವಿ ನೋಡುತ್ತಿದ್ದಾಗ ಕೆಂಡ್ರಿಕ್ ಕ್ಯಾಮೆರಾ ಕಡೆ ನೋಡಿ ನಗುತ್ತಾ ಅದನ್ನೇ ಹಾಡಿದರು. ಇಬ್ಬರ ಹಾಡನ್ನೂ ಮಾರುವುದು ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್. ಬೈದವರ ಹಾಡೂ ಅದೇ ಗಲ್ಲಾಕ್ಕೆ, ಬೈಸಿಕೊಂಡವರ ಹಾಡೂ ಅದೇ ಗಲ್ಲಾಕ್ಕೆ. ಡೆಫ್ ಜ್ಯಾಮ್ ಕೂಡ ಅದೇ ಯೂನಿವರ್ಸಲ್ ಮನೆಯ ಕೂಸು.

ಡ್ರೇಕ್ 2025ರ ಜನವರಿಯಲ್ಲಿ ಕೋರ್ಟಿಗೆ ಹೋದರು. ಬೈದ ಕೆಂಡ್ರಿಕ್ ಮೇಲೆ ಅಲ್ಲ, ಹಾಡು ಮಾರಿದ ಯೂನಿವರ್ಸಲ್ ಮೇಲೆ ಮಾನನಷ್ಟದ ಕೇಸು. ಕರಾವಳಿಯವರಿಗೆ ಇದನ್ನು ಹೇಳುವುದು ಸುಲಭ. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುತ್ತಿದ್ದವರು, ಎದುರಿನ ಅರ್ಜುನ ಚುಚ್ಚಿದ ಅಂತ ಬೆಳಗ್ಗೆ ಎದ್ದು ಮೇಳದ ಯಜಮಾನರಿಗೆ ನೋಟಿಸು ಕಳಿಸಿದ ಹಾಗೆ. ಅದೂ ರಾತ್ರಿಯಿಡೀ ತಾವೇನೂ ಕಡಿಮೆ ಚುಚ್ಚದೆ ಇದ್ದವರು.

ಯೂನಿವರ್ಸಲ್ ವಕೀಲರು ಮಾತ್ರ ಕೋರ್ಟಿನಲ್ಲಿ ಚೆನ್ನಾಗಿ ವಾದಿಸಿದರು. ಡ್ರೇಕ್ ತಾನೇ ಕೆಣಕಿ, ತಾನೇ ಇಷ್ಟಪಟ್ಟು ಇಳಿದ ಜಗಳದಲ್ಲಿ ಸೋತಿದ್ದಾರೆ ಅಷ್ಟೇ ಅಂದರು. ರ್‍ಯಾಪ್ ಜಗಳದಲ್ಲಿ ಉತ್ಪ್ರೇಕ್ಷೆ ಇದ್ದದ್ದೇ, ಅದನ್ನು ಯಾರೂ ಅಕ್ಷರಶಃ ನಂಬುವುದಿಲ್ಲ, ಅದು ಕಲೆ ಅಂದರು. ಅಕ್ಟೋಬರ್‌ನಲ್ಲಿ ನ್ಯಾಯಾಧೀಶರೂ ಇದು ಅಭಿಪ್ರಾಯವೇ ಹೊರತು ಸಂಗತಿಯಲ್ಲ ಎಂದು ಕೇಸನ್ನು ವಜಾ ಮಾಡಿದರು. ಡ್ರೇಕ್ ಮೇಲ್ಮನವಿಗೆ ಹೋದರು. ಎಂಥ ಕಲಾಪ್ರೇಮಿ ಕಂಪನಿ ನೋಡಿ! ಆ ವಾದದ ಒಂದು ಜೆರಾಕ್ಸ್ ಪ್ರತಿಯನ್ನು ಡೆಫ್ ಜ್ಯಾಮ್ ಆಫೀಸಿಗೆ ಕಳಿಸಿದ್ದರೆ ಸಾಕಿತ್ತು. ಒಂದೇ ಮನೆಯ ಒಂದು ಕೋಣೆಯಲ್ಲಿ ಕೆಂಡ್ರಿಕ್ ಬೈಗುಳ ಪ್ರಶಸ್ತಿ ಪಡೆದ ಕಲೆ. ಪಕ್ಕದ ಕೋಣೆಯಲ್ಲಿ ಅದೇ ಕೆಂಡ್ರಿಕ್ ಸುಮ್ನೆ ಬಾಯಿ ತೆರೆದರೂ ಬಾಂಬು.

ಆ ಮೀಟಿಂಗ್ ಹೇಗೆ ನಡೆದಿರಬಹುದು ಎಂದು ನಾನು ಊಹಿಸಿದ್ದೇನೆ.

“ಸರ್, ಅತಿಥಿ ಡ್ರೇಕ್ ಹೆಸರು ಹೇಳಿದ್ದಾರಾ?”

“ಇಲ್ಲ.”

“ಮತ್ತೆ ಏನು ಹೇಳಿದ್ದಾರೆ?”

“ಒಂದೇ ಶಬ್ದ ಹಿಡಿದು ಅದರಿಂದ ಶುರುವಾಗುವ ಪದಗಳನ್ನೆಲ್ಲ ಸರದಿಯಲ್ಲಿ ನಿಲ್ಲಿಸಿದ್ದಾರೆ. ಕೇಳೋಕೆ ಚೆನ್ನಾಗಿದೆ.”

“ಅದೇ ಭಯ. ಚೆನ್ನಾಗಿದ್ದರೆ ಜನ ಕೇಳ್ತಾರೆ. ಕೇಳಿದರೆ ಇದು ಯಾರಿಗೆ ಹೇಳಿದ್ದು ಅಂತ ಯೋಚಿಸ್ತಾರೆ. ತೆಗೆಸಿಬಿಡಿ.”

ಇಷ್ಟಕ್ಕೂ ಅವರು ಹೆದರಬೇಕಾದದ್ದು ಅತಿಥಿಗೆ ಅಲ್ಲ, ಮನೆಯವರಿಗೆ. ಡ್ರೇಕ್‌ಗೆ ಒಬ್ಬ ಮಗನಿದ್ದಾನೆ ಎಂದು 2018ರಲ್ಲಿ ಹಾಡು ಕಟ್ಟಿ ಲೋಕಕ್ಕೆಲ್ಲ ಸಾರಿದವರು ಇದೇ ಪುಷಾ ಟಿ. ಆಗಲೂ ಅವರು ಡೆಫ್ ಜ್ಯಾಮ್‌ನವರೇ ಆಗಿದ್ದರು. ಈ ಹೊಸ ಆಲ್ಬಮ್‌ನ ಇನ್ನೊಂದು ಹಾಡಿನಲ್ಲಿ ಅವರು ಟ್ರಾವಿಸ್ ಸ್ಕಾಟ್ ಎಂಬ ರ್‍ಯಾಪರ್‌ಗೆ ಬಾರಿಸಿದ್ದಾರೆ, ಹೌದು ನಾನೇ ಅಂತ ಒಪ್ಪಿಕೊಂಡೂ ಇದ್ದಾರೆ. ಕೈಯಲ್ಲಿ ಚೂರಿ ಹಿಡಿದವರನ್ನು ಸೋಫಾದ ಮೇಲೆ ಕೂರಿಸಿ, ಬಾಗಿಲಲ್ಲಿ ಅತಿಥಿಯ ಜೇಬು ತಡಕುವ ಭದ್ರತೆ ಇದು.

ಡೆಫ್ ಜ್ಯಾಮ್ ಹೀಗೆ ಇರಲಿಲ್ಲ ಎನ್ನುವುದೇ ಬೇಜಾರು. 1984ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ ಶುರುವಾದ ಕಂಪನಿ. ಪಬ್ಲಿಕ್ ಎನಿಮಿ ತಂಡ ಅಮೆರಿಕದ ಅಧಿಕಾರಸ್ಥರನ್ನು ಮುಖಕ್ಕೆ ಹೊಡೆದ ಹಾಗೆ ಪ್ರಶ್ನಿಸಿದ್ದು ಇದೇ ಕಂಪನಿಯ ಮುದ್ರೆ ಹೊತ್ತ ರೆಕಾರ್ಡುಗಳಲ್ಲಿ. ಹಾಸ್ಟೆಲ್ ರೂಮಿನಲ್ಲಿ ಇದ್ದ ಧೈರ್ಯ ಆಫೀಸು ಸೇರುವ ಹೊತ್ತಿಗೆ ಲಿಫ್ಟಿನಲ್ಲೇ ಉಳಿದುಬಿಟ್ಟಿರಬೇಕು.

ಆಲ್ಬಮ್ ಕೊನೆಗೆ ಜುಲೈನಲ್ಲಿ ಬಂತು, ರಾಕ್ ನೇಷನ್ ಎಂಬ ಬೇರೆ ಕಂಪನಿಯ ಮೂಲಕ. ರಾಕ್ ನೇಷನ್ ಕಟ್ಟಿದವರು ರ್‍ಯಾಪರ್ ಜೇ-ಝೀ. ಒಂದು ಕಾಲಕ್ಕೆ ಡೆಫ್ ಜ್ಯಾಮ್‌ನ ಅಧ್ಯಕ್ಷರಾಗಿದ್ದವರು! ಕೆಂಡ್ರಿಕ್ ಮಾತು ಹಾಗೇ ಇತ್ತು, ಟ್ರಂಪ್ ಕಾರ್ಡ್ ಸಮೇತ. ಭೂಮಿ ಬಾಯಿ ಬಿಡಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಮ್ 4ನೇ ಸ್ಥಾನದಿಂದ ಶುರುವಾಯಿತು. ನವೆಂಬರ್‌ನಲ್ಲಿ ಕ್ಲಿಪ್ಸ್‌ಗೆ 5 ಗ್ರ್ಯಾಮಿ ನಾಮನಿರ್ದೇಶನ ಸಿಕ್ಕವು. ಅದರಲ್ಲಿ ಒಂದು, ಬೇಡವೇ ಬೇಡ ಅಂದಿದ್ದ ಆ ಹಾಡಿಗೇ.

ಸಂಗೀತ ಕಂಪನಿಗಳು ಇನ್ನು ಮುಂದೆ ಇಂಥ ಎಡವಟ್ಟು ಮಾಡಿಕೊಳ್ಳಬಾರದು ಅನ್ನುವ ಕಾಳಜಿಯಿಂದ ನಾನೇ ಒಂದು ಅರ್ಜಿ ನಮೂನೆ ಬರೆದಿಟ್ಟಿದ್ದೇನೆ. ಅತಿಥಿ ರ್‍ಯಾಪರ್‌ಗಳು ಸ್ಟುಡಿಯೋ ಬಾಗಿಲಲ್ಲೇ ಇದನ್ನು ಎರಡು ಪ್ರತಿ ತುಂಬಿ ಕೊಡಬೇಕು. ಕಳೆದ ವರ್ಷ ಯಾರ ಜೊತೆ ಜಗಳವಾಡಿದ್ದೀರಿ? ಅವರು ನಮ್ಮವರೇ, ಹೊರಗಿನವರೇ? ಆ ಜಗಳದಿಂದ ನಮಗೆ ಬಂದ ಆದಾಯ ಎಷ್ಟು? ನಿಮ್ಮ ಪ್ರಾಸದಲ್ಲಿ ಇಸ್ಪೀಟು ಎಲೆ ಬರುತ್ತದೆಯೇ? ಬಂದರೆ ರಾಣಿ, ಗುಲಾಮ ಸಾಕಾಗುವುದಿಲ್ಲವೇ? ಯಾರನ್ನಾದರೂ ಬೈಯುವ ಉದ್ದೇಶ ಇದೆಯೇ? ಇದ್ದರೆ ನಮ್ಮ ಯಾವ ಶಾಖೆಯಿಂದ ಬೈಯುತ್ತೀರಿ: ಪ್ರಶಸ್ತಿ ಕೊಡಿಸುವ ಶಾಖೆಯೋ, ಕತ್ತರಿ ಹಾಕುವ ಶಾಖೆಯೋ?